ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ವೇಗ ತಾಳೆಯಾಗುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಜಿಟಿಎಕ್ಸ್ 1060 ಕಾರ್ಡಿನ ವಿವರಪಟ್ಟಿಯಲ್ಲಿ ಮೆಮೊರಿ ವೇಗ ಸೆಕೆಂಡಿಗೆ 8 ಗಿಗಾಬಿಟ್ ಎಂದಿರುತ್ತದೆ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದರೆ 2002 ಮೆಗಾಹರ್ಟ್ಸ್ ಕಾಣುತ್ತದೆ, ಕಾರ್ಡಿನ ವೇಗ ನೋಡಿ ಬದಲಿಸುವ ಆಫ್ಟರ್‌ಬರ್ನರ್ ತಂತ್ರಾಂಶ ತೆರೆದರೆ 4004, ಕೆಲವು ಜಾಹೀರಾತುಗಳಲ್ಲಿ 8008. ನಾಲ್ಕೂ ಸರಿ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಕಾರ್ಡನ್ನೇ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವವರಿದ್ದಾರೆ. ಅರ್ಧ ವೇಗದ ಕಾರ್ಡಿಗೆ ಪೂರ್ತಿ ದುಡ್ಡು ಕೊಟ್ಟು, ವರ್ಷಗಟ್ಟಲೆ ಗೇಮ್ ಏಕೆ ತಡವರಿಸುತ್ತದೆ ಎಂದು ತಲೆ ಕೆಡಿಸಿಕೊಂಡವರೂ ಇದ್ದಾರೆ. ಎರಡೂ ಆಗಬಾರದು ಎಂದರೆ ಮೆಗಾಹರ್ಟ್ಸ್ ಒಂದನ್ನೇ ನೋಡಿ ತೀರ್ಮಾನಿಸಬಾರದು. ಬ್ಯಾಂಡ್‌ವಿಡ್ತ್, ಅಂದರೆ ಸೆಕೆಂಡಿಗೆ ಎಷ್ಟು ಗಿಗಾಬೈಟ್ ಓಡಾಡುತ್ತದೆ ಎಂಬ ಲೆಕ್ಕ ಹಾಕಬೇಕು.

ಇಲ್ಲಿನ ತಪಾಸಣೆಗಳು ಖರ್ಚಿಲ್ಲದವುಗಳಿಂದ ಶುರುವಾಗಿ, ಕ್ಯಾಬಿನೆಟ್ ಬಿಚ್ಚುವ ಹಂತದವರೆಗೆ ಹೋಗುತ್ತವೆ. ನಿಮ್ಮ ಲಕ್ಷಣ ಕೊನೆಯ ಭಾಗದಲ್ಲಿದೆ ಅನ್ನಿಸಿದರೂ ಮೊದಲ ತಪಾಸಣೆಯನ್ನು ಬಿಡಬೇಡಿ.

ಎಲ್ಲಕ್ಕೂ ಮೊದಲು: ಎರಡು ನಿಮಿಷದ ಲೆಕ್ಕ

ಟೆಕ್‌ಪವರ್‌ಅಪ್‌ನ ಜಿಪಿಯು-ಝಡ್ ಉಚಿತ ತಂತ್ರಾಂಶ. ಇನ್‌ಸ್ಟಾಲ್ ಮಾಡದೆಯೂ ತೆರೆಯಬಹುದು. ಅವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದ ಕೂಡಲೇ ಕಾಣುವ ಮೊದಲ ಪುಟದಿಂದ ಐದು ವಿವರ ಬರೆದಿಟ್ಟುಕೊಳ್ಳಿ: ಕಾರ್ಡಿನ ಹೆಸರು, ಮೆಮೊರಿ ಟೈಪ್, ಬಸ್ ವಿಡ್ತ್ (ಗ್ರಾಫಿಕ್ಸ್ ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯ ಅಗಲ, ಬಿಟ್‌ಗಳಲ್ಲಿ), ಮೆಮೊರಿ ಕ್ಲಾಕ್ (ಮೆಗಾಹರ್ಟ್ಸ್‌ನಲ್ಲಿ), ಬ್ಯಾಂಡ್‌ವಿಡ್ತ್. ಲ್ಯಾಪ್‌ಟಾಪ್ ಆಗಿದ್ದರೆ ಕೆಳಗಿನ ಎಡಮೂಲೆಯ ಪಟ್ಟಿಯಲ್ಲಿ ಎರಡು ಜಿಪಿಯು (ಗ್ರಾಫಿಕ್ಸ್ ಚಿಪ್) ಹೆಸರು ಇರಬಹುದು. ಪ್ರೊಸೆಸರ್ ಜೊತೆಗಿನದನ್ನು ಬಿಟ್ಟು ಎನ್ವಿಡಿಯಾ ಅಥವಾ ರೇಡಿಯಾನ್ ಬಿಡಿ ಕಾರ್ಡನ್ನು ಆರಿಸಿ. ಬಸ್ ಇಂಟರ್‌ಫೇಸ್ ಎಂಬಲ್ಲಿ ಕಾಣುವ ಎಕ್ಸ್16 ಅನ್ನು ಬಸ್ ವಿಡ್ತ್ ಎಂದು ಓದಬೇಡಿ. ಅದು ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ದಾರಿ, ಮೆಮೊರಿಯದ್ದಲ್ಲ.

ಈಗ ಲೆಕ್ಕ. ಜಿಪಿಯು-ಝಡ್ ತೋರಿಸುವ ಮೆಮೊರಿ ಕ್ಲಾಕನ್ನು ಮೆಮೊರಿಯ ಜಾತಿಗೆ ತಕ್ಕಂತೆ ಗುಣಿಸಬೇಕು:

ಡಿಡಿಆರ್3, ಡಿಡಿಆರ್4, ಎಚ್‌ಬಿಎಂ2 – 2ರಿಂದ
ಜಿಡಿಡಿಆರ್5 – 4ರಿಂದ
ಜಿಡಿಡಿಆರ್5ಎಕ್ಸ್, ಜಿಡಿಡಿಆರ್6 – 8ರಿಂದ
ಜಿಡಿಡಿಆರ್6ಎಕ್ಸ್, ಜಿಡಿಡಿಆರ್7 – 16ರಿಂದ

ಬಂದ ಸಂಖ್ಯೆಯನ್ನು ಬಸ್ ವಿಡ್ತ್‌ನಿಂದ ಗುಣಿಸಿ, 8ರಿಂದ ಭಾಗಿಸಿ, ಮತ್ತೆ 1000ದಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಗಿಗಾಬೈಟ್ ಎಂಬುದು ಸಿಗುತ್ತದೆ. ಜಿಟಿಎಕ್ಸ್ 1060ರಲ್ಲಿ 2002 × 4 = 8008; ಅದನ್ನು 192 ಬಿಟ್‌ನಿಂದ ಗುಣಿಸಿ ಭಾಗಿಸಿದರೆ 192.2. ಆರ್‌ಟಿಎಕ್ಸ್ 3080 (10 ಜಿಬಿ) ಕಾರ್ಡಿನಲ್ಲಿ ಕ್ಲಾಕ್ ಬರೀ 1188 ಎಂದು ಕಾಣುತ್ತದೆ, 1060ಕ್ಕಿಂತ ಕಡಿಮೆ! ಆದರೆ 16ರಿಂದ ಗುಣಿಸಿದರೆ 19,008, ಬಸ್ 320 ಬಿಟ್, ಬ್ಯಾಂಡ್‌ವಿಡ್ತ್ 760. ಮೆಗಾಹರ್ಟ್ಸನ್ನು ಮಾತ್ರ ಹೋಲಿಸಿದರೆ ಎಷ್ಟು ದಾರಿ ತಪ್ಪುತ್ತೇವೆ ಎಂಬುದಕ್ಕೆ ಇಷ್ಟು ಸಾಕು.

ಒಂದು ಮಾತು ನೆನಪಿರಲಿ. ಜಿಪಿಯು-ಝಡ್‌ನ ಬ್ಯಾಂಡ್‌ವಿಡ್ತ್ ಕೂಡ ಹೀಗೇ ಗುಣಿಸಿ ತೋರಿಸಿದ್ದು, ಅಳೆದು ನೋಡಿದ್ದಲ್ಲ. ಅಳೆಯುವ ಬಗೆ ಮುಂದೆ ಬರುತ್ತದೆ.

ಲಕ್ಷಣ: ಒಂದೊಂದು ತಂತ್ರಾಂಶ ಒಂದೊಂದು ಸಂಖ್ಯೆ ತೋರಿಸುತ್ತಿದೆ

ಎನ್ವಿಡಿಯಾ ಕಾರ್ಡುಗಳಲ್ಲಿ ಆಫ್ಟರ್‌ಬರ್ನರ್ ಮತ್ತು ಡ್ರೈವರ್ ಜೊತೆಗೇ ಬರುವ ಎನ್ವಿಡಿಯಾ-ಎಸ್‌ಎಂಐ ಎರಡೂ ಒಂದೇ ರೀತಿ ಎಣಿಸುತ್ತವೆ. ಇವುಗಳ ಸಂಖ್ಯೆಯನ್ನು ಮೆಮೊರಿ ಯಾವ ಜಾತಿಯದಾದರೂ 2ರಿಂದ ಗುಣಿಸಿದರೆ ಸಾಕು. 4004 ಎಂದರೆ 8 ಗಿಗಾಬಿಟ್, 7001 ಎಂದರೆ 14 ಗಿಗಾಬಿಟ್, 9501 ಎಂದರೆ 19 ಗಿಗಾಬಿಟ್, ಜಿಡಿಡಿಆರ್7 ಇರುವ ಆರ್‌ಟಿಎಕ್ಸ್ 5070ರಲ್ಲಿ 14,001 ಎಂದರೆ 28 ಗಿಗಾಬಿಟ್. ಎಎಂಡಿಯ ಅಡ್ರಿನಲಿನ್ ಮಾತ್ರ ಜಿಪಿಯು-ಝಡ್ ಎಣಿಕೆಯ ಹಾದಿಯಲ್ಲೇ ಇದೆ: ಆರ್‌ಎಕ್ಸ್ 580ರಲ್ಲಿ 2000 ಎಂದರೆ 8 ಗಿಗಾಬಿಟ್, ಆರ್‌ಎಕ್ಸ್ 6600ರಲ್ಲಿ 1750 ಎಂದರೆ 14 ಗಿಗಾಬಿಟ್.

ಗುಣಿಸಿದ ಮೇಲೆ ತಾಳೆಯಾದರೆ ಕಾರ್ಡಿನಲ್ಲಿ ದೋಷವಿಲ್ಲ, ಇಲ್ಲಿಗೇ ನಿಲ್ಲಿಸಬಹುದು. 8000ದ ಜಾಗದಲ್ಲಿ 8008 ಬಂದಂಥ ಚಿಲ್ಲರೆ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಲಕ್ಷಣ: ಟಾಸ್ಕ್ ಮ್ಯಾನೇಜರ್ 3200 ಎನ್ನುತ್ತಿದೆ

ಅದು ಕಂಪ್ಯೂಟರಿನ ರ‍್ಯಾಮ್ ವೇಗ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ಮೆಮೊರಿ ಎಷ್ಟಿದೆ, ಎಷ್ಟು ಬಳಕೆಯಾಗಿದೆ ಎಂದು ಕಾಣುತ್ತದೆಯೇ ಹೊರತು ಮೆಮೊರಿ ಕ್ಲಾಕ್ ಕಾಣುವುದಿಲ್ಲ.

ಬಿಡಿ ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಗ್ರಾಫಿಕ್ಸನ್ನೇ ಬಳಸುವವರಿಗೆ ಮಾತ್ರ ಈ 3200 ಮುಖ್ಯ. ಅಲ್ಲಿ ಗ್ರಾಫಿಕ್ಸ್ ಮೆಮೊರಿ ಎಂದರೆ ರ‍್ಯಾಮೇ. ಡಿಡಿಆರ್4 3200ರ ಒಂದೇ ರ‍್ಯಾಮ್ ಪಟ್ಟಿ ಹಾಕಿದರೆ ಸೆಕೆಂಡಿಗೆ 25.6 ಗಿಗಾಬೈಟ್ ಸಿಗುತ್ತದೆ, ಎರಡು ಹಾಕಿದರೆ 51.2. ಒಂದು 16 ಜಿಬಿ ಪಟ್ಟಿಯ ಬದಲು ಎರಡು 8 ಜಿಬಿ ಹಾಕುವುದೇ ಇಂಥ ಕಂಪ್ಯೂಟರಿಗೆ ಮಾಡಬಹುದಾದ ಅತ್ಯಂತ ಅಗ್ಗದ ಉಪಕಾರ. 3200ರ ಪಟ್ಟಿ 2133 ಅಥವಾ 2666ರಲ್ಲಿ ಓಡುತ್ತಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಆಗಿಲ್ಲ ಎಂದೇ ಬಹುಮಟ್ಟಿಗೆ ತಿಳಿಯಬೇಕು. ಸಿಪಿಯು-ಝಡ್ ಎಂಬ ತಂತ್ರಾಂಶ ರ‍್ಯಾಮ್ ವೇಗ 1600 ಎಂದು ತೋರಿಸಿದರೆ ಹೆದರಬೇಡಿ, ಅದನ್ನು 2ರಿಂದ ಗುಣಿಸಿ.

ಲಕ್ಷಣ: ಸುಮ್ಮನಿದ್ದಾಗ ಮೆಮೊರಿ ಕ್ಲಾಕ್ ತೀರಾ ಕಡಿಮೆ

ಎನ್ವಿಡಿಯಾ ಕಾರ್ಡ್ ಕೆಲಸವಿಲ್ಲದಾಗ ಪಿ8 ಎಂಬ ವಿಶ್ರಾಂತಿ ಸ್ಥಿತಿಗೆ ಇಳಿಯುತ್ತದೆ. ಆಗ ಆಫ್ಟರ್‌ಬರ್ನರ್‌ನಲ್ಲಿ 405 ಕಾಣುವುದು ತೀರಾ ಸಾಮಾನ್ಯ. ಜಿಪಿಯು-ಝಡ್‌ನ ಸೆನ್ಸರ್ಸ್ ಪುಟದಲ್ಲಿ ಅದೇ ಸ್ಥಿತಿ 1060ರಲ್ಲಿ 202.5 ಎಂದೂ 3080ರಲ್ಲಿ ಸುಮಾರು 51 ಎಂದೂ ಕಾಣುತ್ತದೆ. ಆರ್‌ಎಕ್ಸ್ 580 ಆದರೆ 300ಕ್ಕೆ ಇಳಿಯುತ್ತದೆ. ಕರೆಂಟು ಉಳಿಸಲೆಂದೇ ಮಾಡಿದ ವ್ಯವಸ್ಥೆ ಇದು.

ಹಾಗಾಗಿ ವೇಗವನ್ನು ಕೆಲಸ ಕೊಟ್ಟೇ ನೋಡಬೇಕು. ಗೇಮ್ ಬೇಕಿಲ್ಲ. ಜಿಪಿಯು-ಝಡ್‌ನ ಮೊದಲ ಪುಟದಲ್ಲಿ ಬಸ್ ಇಂಟರ್‌ಫೇಸ್ ಪಕ್ಕ ಒಂದು ಪ್ರಶ್ನೆಚಿಹ್ನೆಯ ಗುಂಡಿ ಇದೆ. ಅದನ್ನು ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿ, ಸೆನ್ಸರ್ಸ್ ಪುಟಕ್ಕೆ ಬಂದು ಅರ್ಧ ನಿಮಿಷ ಕಾಯಿರಿ. 1060 ಆದರೆ 202.5ರಲ್ಲಿದ್ದ ಸಂಖ್ಯೆ ಕ್ಷಣದಲ್ಲೇ 2002ಕ್ಕೆ ಹಾರುತ್ತದೆ. ಹಾರಿತೆಂದರೆ ಕಾರ್ಡ್ ಸರಿಯಿದೆ.

ಲಕ್ಷಣ: ಸುಮ್ಮನಿದ್ದರೂ ಕ್ಲಾಕ್ ಪೂರ್ತಿ ಮೇಲೆ, ಕಾರ್ಡ್ ಬಿಸಿ

ಎರಡು ಮಾನಿಟರ್ ಇವೆಯೇ? ಒಂದು 60 ಹರ್ಟ್ಸ್, ಇನ್ನೊಂದು 144 ಹರ್ಟ್ಸ್ ಇದೆಯೇ? ಕಾರಣ ಅದೇ ಇರಬಹುದು. ಮೆಮೊರಿ ಕ್ಲಾಕ್ ಬದಲಾಗುವ ಕ್ಷಣದಲ್ಲಿ ಪರದೆಗೆ ಚಿತ್ರ ಕಳಿಸುವಂತಿಲ್ಲ, ಕಳಿಸಿದರೆ ಚಿತ್ರ ಮಿನುಗುತ್ತದೆ. ಅದಕ್ಕಾಗಿ ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಚಿಕ್ಕ ಬಿಡುವಿನಲ್ಲೇ ಕಾರ್ಡ್ ಕ್ಲಾಕ್ ಬದಲಿಸುತ್ತದೆ. ಎರಡು ಪರದೆಗಳ ಬಿಡುವು ಒಂದೇ ಹೊತ್ತಿಗೆ ಬಾರದಿದ್ದರೆ ಅವಕಾಶವೇ ಸಿಗದು, ಕ್ಲಾಕ್ ಮೇಲೇ ನಿಲ್ಲುತ್ತದೆ.

ಒಂದು ಮಾನಿಟರ್ ಕೇಬಲ್ ಬಿಚ್ಚಿ ನೋಡಿ. ಕ್ಲಾಕ್ ಇಳಿದರೆ ಕಾರ್ಡಿನ ತಪ್ಪಿಲ್ಲ. ಎರಡನ್ನೂ ಒಂದೇ ಹರ್ಟ್ಸ್‌ಗೆ ಇಡಿ, ಅಥವಾ 144ನ್ನು 120ಕ್ಕೆ ಇಳಿಸಿ ನೋಡಿ. ಒಂದೇ ಮಾನಿಟರ್ ಇದ್ದೂ ಇಳಿಯದಿದ್ದರೆ ಹಿನ್ನೆಲೆಯಲ್ಲಿ ಜಿಪಿಯು ಬಳಸುತ್ತಿರುವ ತಂತ್ರಾಂಶ ಯಾವುದು ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿ. ಪಕ್ಕದಲ್ಲಿ ಓಡುತ್ತಿರುವ ವಿಡಿಯೊ, ಅನಿಮೇಷನ್ ವಾಲ್‌ಪೇಪರ್ ಇಂಥವೇ ಹೆಚ್ಚಾಗಿ ಸಿಗುತ್ತವೆ.

ಲಕ್ಷಣ: ಕೆಲಸ ಕೊಟ್ಟರೂ ಪೂರ್ತಿ ಏರುತ್ತಿಲ್ಲ

ಇಲ್ಲಿ ಎಷ್ಟು ಕಡಿಮೆ ಎಂಬುದೇ ಸುಳಿವು. ಕಮಾಂಡ್ ಪ್ರಾಂಪ್ಟ್ ತೆರೆದು ಎನ್ವಿಡಿಯಾ-ಎಸ್‌ಎಂಐ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಇಟ್ಟು ಟೈಪ್ ಮಾಡಿ. ಬರುವ ಕೋಷ್ಟಕದ ಪರ್ಫ್ ಎಂಬ ಕಾಲಂನಲ್ಲಿ ಪಿ0 (ಪೂರ್ತಿ ವೇಗದ ಸ್ಥಿತಿ), ಪಿ2, ಪಿ8 ಇವುಗಳಲ್ಲಿ ಯಾವುದಿದೆ ನೋಡಿ.

ಸ್ವಲ್ಪವೇ ಕಡಿಮೆ ಇದ್ದು ಪಿ2 ಎಂದಿದ್ದರೆ: ಬ್ಲೆಂಡರ್ ರೆಂಡರ್, ಎಐ ಮಾದರಿ ಓಡಿಸುವುದು ಮುಂತಾದ ಸಿಯುಡಿಎ (CUDA, ಗ್ರಾಫಿಕ್ಸ್ ಚಿಪ್ಪಿಗೆ ಲೆಕ್ಕ ಒಪ್ಪಿಸುವ ಎನ್ವಿಡಿಯಾದ ವ್ಯವಸ್ಥೆ) ಕೆಲಸಗಳಲ್ಲಿ ಎನ್ವಿಡಿಯಾ ಡ್ರೈವರ್ ತಾನೇ ಮೆಮೊರಿಯನ್ನು ಒಂದು ಮೆಟ್ಟಿಲು ಇಳಿಸುತ್ತದೆ. 1060ರಲ್ಲಿ 4004ರ ಬದಲು 3802, ಆರ್‌ಟಿಎಕ್ಸ್ 2060ರಲ್ಲಿ 7001ರ ಬದಲು 6801, 3080ರಲ್ಲಿ 9501ರ ಬದಲು 9251. ಲೆಕ್ಕದಲ್ಲಿ ತಪ್ಪು ನುಸುಳದಿರಲಿ ಎಂಬ ಎಚ್ಚರಿಕೆಯ ಕ್ರಮವಿದು, ದೋಷವಲ್ಲ. ಗೇಮ್ ತೆರೆದಾಗ ಪಿ0ಗೆ ಬಂದರೆ ಹಾಗೇ ಬಿಡಿ.

405 ಅಥವಾ 810ರಲ್ಲೇ ಅಂಟಿಕೊಂಡಿದ್ದರೆ ಈ ಕ್ರಮದಲ್ಲಿ ಹೋಗಿ.

1. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡ್ರೈವರ್ ಒಮ್ಮೆ ಕ್ರ್ಯಾಶ್ ಆದ ಮೇಲೆ ಕೆಳಗಿನ ಕ್ಲಾಕ್‌ನಲ್ಲೇ ಸಿಕ್ಕಿಕೊಳ್ಳುವುದುಂಟು.
2. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಅದೂ ಲ್ಯಾಪ್‌ಟಾಪ್ ಜೊತೆ ಬಂದದ್ದನ್ನೇ. ಬ್ಯಾಟರಿಯಲ್ಲಿ ಮೆಮೊರಿ ಕ್ಲಾಕ್ ಕಡಿತವಾಗುವುದು ಸಹಜ. ಕಡಿಮೆ ವ್ಯಾಟಿನ ಚಾರ್ಜರ್ ಹಾಕಿದರೂ ಹಾಗೇ ಆಗಬಹುದು.
3. ಆಫ್ಟರ್‌ಬರ್ನರ್‌ನಲ್ಲಿ ರೀಸೆಟ್ ಒತ್ತಿ. ಹಳೆಯ ಪ್ರೊಫೈಲ್ ತಾನಾಗಿ ಲೋಡ್ ಆಗುತ್ತಿದ್ದರೆ ಅದನ್ನು ತೆಗೆಯಿರಿ.
4. ಡಿಡಿಯು ಎಂಬ ತಂತ್ರಾಂಶದಿಂದ ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸಿ, ಹೊಸದಾಗಿ ಹಾಕಿ. ಅಳಿಸುವ ಮೊದಲೇ ಹೊಸ ಡ್ರೈವರ್ ಇಳಿಸಿಟ್ಟುಕೊಂಡು ಇಂಟರ್‌ನೆಟ್ ಕಳಚಿ. ಇಲ್ಲದಿದ್ದರೆ ನಡುವೆ ವಿಂಡೋಸ್ ತನಗೆ ತೋಚಿದ ಡ್ರೈವರ್ ತಂದು ಹಾಕುತ್ತದೆ.
5. ಇಷ್ಟಾದರೂ ಆಗದಿದ್ದರೆ ಮಾತ್ರ ಕ್ಯಾಬಿನೆಟ್ ತೆರೆಯಿರಿ. ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ) ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಕೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಕಾರ್ಡಿನ 6 ಅಥವಾ 8 ಪಿನ್ ಪವರ್ ಕನೆಕ್ಟರ್ ಕ್ಲಿಕ್ ಎಂದು ಪೂರ್ತಿ ಕೂತಿದೆಯೇ ನೋಡಿ.

ಕನೆಕ್ಟರ್ ಪ್ಲಾಸ್ಟಿಕ್ ಕಂದು ತಿರುಗಿದ್ದರೆ, ಕರಗಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಆನ್ ಮಾಡಿ ನೋಡುವ ಆಸೆ ಬೇಡ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.

ಲಿನಕ್ಸ್‌ನಲ್ಲಿ ರೇಡಿಯಾನ್ ಕಾರ್ಡ್ ಇರುವವರು ಸಿಸ್ಟಂನ ಡಿಆರ್‌ಎಂ ಫೋಲ್ಡರ್‌ನಲ್ಲಿ pp_dpm_mclk ಎಂಬ ಕಡತವನ್ನು ತೆರೆದರೆ ಮೆಮೊರಿಯ ಮೆಟ್ಟಿಲುಗಳೆಲ್ಲ ಸಾಲಾಗಿ ಕಾಣುತ್ತವೆ. ನಕ್ಷತ್ರಚಿಹ್ನೆ ಇರುವುದೇ ಆ ಕ್ಷಣದ ವೇಗ.

ಲಕ್ಷಣ: ಹೆಸರು ಅದೇ, ಬ್ಯಾಂಡ್‌ವಿಡ್ತ್ ಮಾತ್ರ ಕಡಿಮೆ

ಕೊಳ್ಳುವವರಿಗೆ ಹೆಚ್ಚು ನಷ್ಟವಾಗುವುದು ಇಲ್ಲೇ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಮೆಮೊರಿಯ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ, ಅದೂ ಕಂಪನಿಗಳು ಬಹಿರಂಗವಾಗಿಯೇ ಬಿಟ್ಟಿರುವಂಥವು.

ಜಿಟಿ 1030: 2017ರಲ್ಲಿ ಬಂದದ್ದು ಜಿಡಿಡಿಆರ್5, ಸೆಕೆಂಡಿಗೆ 48 ಗಿಗಾಬೈಟ್. 2018ರಲ್ಲಿ ಬಂದ ಡಿಡಿಆರ್4 ಕಾರ್ಡಿಗೆ ಬರೀ 16.8. ಹೆಸರಲ್ಲಿ ಒಂದಕ್ಷರ ವ್ಯತ್ಯಾಸವಿಲ್ಲ, ಮೆಮೊರಿ ಮಾತ್ರ ಮೂರನೇ ಒಂದು ಭಾಗಕ್ಕೆ ಹತ್ತಿರ.

ಜಿಟಿ 730: ಡಿಡಿಆರ್3 64 ಬಿಟ್ ಆದರೆ 14.4, ಡಿಡಿಆರ್3 128 ಬಿಟ್ ಆದರೆ 28.8, ಜಿಡಿಡಿಆರ್5 ಆದರೆ 40.

ಜಿಟಿಎಕ್ಸ್ 1650: ಜಿಡಿಡಿಆರ್5 ಆದರೆ 128, ಜಿಡಿಡಿಆರ್6 ಆದರೆ 192.

ಆರ್‌ಟಿಎಕ್ಸ್ 3050: 8 ಜಿಬಿ ಕಾರ್ಡಿನ ಬಸ್ 128 ಬಿಟ್, ಬ್ಯಾಂಡ್‌ವಿಡ್ತ್ 224. 6 ಜಿಬಿ ಕಾರ್ಡಿನದು 96 ಬಿಟ್, 168. ಇಲ್ಲಿ ಮೆಮೊರಿ ಕ್ಲಾಕ್ ಎರಡರಲ್ಲೂ ಒಂದೇ! ಕ್ಲಾಕ್ ಮಾತ್ರ ನೋಡಿದವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಆರ್‌ಎಕ್ಸ್ 5600 ಎಕ್ಸ್‌ಟಿಯದು ಬೇರೆಯೇ ಕತೆ. 2020ರ ಜನವರಿಯಲ್ಲಿ ಬಿಡುಗಡೆಯ ಹೊತ್ತಿಗೆ ಮೆಮೊರಿಯನ್ನು 12ರಿಂದ 14 ಗಿಗಾಬಿಟ್‌ಗೆ ಏರಿಸುವ ಬಯೋಸ್ (ಕಾರ್ಡಿನೊಳಗೇ ಇದ್ದು ಅದರ ವೇಗ ನಿರ್ಧರಿಸುವ ತಂತ್ರಾಂಶ) ಬಂತು. ಹಳೆಯ ಬಯೋಸ್‌ನಲ್ಲೇ ಉಳಿದ ಕಾರ್ಡ್ 336ರ ಬದಲು 288ರಲ್ಲಿ ಓಡುತ್ತದೆ. ತಯಾರಕರು ನಿಮ್ಮದೇ ಮಾದರಿಗೆ 14ರ ಬಯೋಸ್ ಕೊಟ್ಟಿದ್ದರೆ ಮಾತ್ರ ಏರಿಸಬಹುದು. ಎಲ್ಲ ಮಾದರಿಗಳಿಗೂ ಅದು ಬಂದಿಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ಬರೀ "2 ಜಿಬಿ 1030 ಕೊಡಿ" ಎನ್ನಬೇಡಿ. "ಜಿಡಿಡಿಆರ್5 ಇರುವುದೇ ಬೇಕು, ಬಿಲ್‌ನಲ್ಲೂ ಹಾಗೇ ಬರೆಯಿರಿ" ಎಂದು ಕೇಳಿ. ಬಿಲ್‌ನಲ್ಲಿ ಬರೆದಿದ್ದರೆ ಮುಂದೆ ವಾಪಸ್ ಕೊಡುವ ಮಾತು ಸುಲಭ.

ಹಳೆಯ ಕಾರ್ಡ್ ಆದರೆ ಇನ್ನೆರಡು ತಪಾಸಣೆ. ಜಿಪಿಯು-ಝಡ್ ಹೆಸರಿನ ಜೊತೆಗೆ ಫೇಕ್ ಎಂದು ತೋರಿಸಿದರೆ, ಅದು ಹಳೆಯ ಚಿಪ್ಪಿನ ಮೇಲೆ ಹೊಸ ಹೆಸರಿನ ಬಯೋಸ್ ಬರೆದ ನಕಲಿ ಕಾರ್ಡ್. ಇದಕ್ಕೆ ರಿಪೇರಿ ಇಲ್ಲ, ವಾಪಸ್ ಕೊಡಿ. ಇನ್ನು ಆರ್‌ಎಕ್ಸ್ 570, 580ಗಳಲ್ಲಿ ಕ್ರಿಪ್ಟೊ ನಾಣ್ಯದ ಮೈನಿಂಗ್‌ಗೆ ತಿದ್ದಿದ ಬಯೋಸ್ ಇರಬಹುದು. ಡಿಫಾಲ್ಟ್ ಕ್ಲಾಕ್ ಸಾಲಿನಲ್ಲೇ ಮೆಮೊರಿ ವೇಗ ವಿವರಪಟ್ಟಿಗಿಂತ ಹೆಚ್ಚಿದ್ದು ಕೋರ್ (ಕಾರ್ಡಿನ ಮುಖ್ಯ ಚಿಪ್) ವೇಗ ಕಡಿಮೆ ಇರುವುದು, ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43 ಬರುವುದು ಇದರ ಗುರುತು. ಕೆಲವು ಕಾರ್ಡುಗಳ ಅಂಚಿನಲ್ಲಿ ಎರಡು ಬಯೋಸ್‌ಗಳ ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಪೂರ್ತಿ ಆರಿಸಿ ಅದನ್ನು ಆಚೆ ತಳ್ಳಿದರೆ ಮೂಲ ಬಯೋಸ್ ಸಿಕ್ಕರೂ ಸಿಗಬಹುದು.

ಬಯೋಸ್ ಬರೆಯಲೇಬೇಕಾದರೆ ಮೊದಲು ಜಿಪಿಯು-ಝಡ್‌ನಲ್ಲಿ ಬಯೋಸ್ ವರ್ಷನ್ ಪಕ್ಕದ ಬಾಣದ ಗುಂಡಿಯಿಂದ ಈಗಿನ ಪ್ರತಿಯನ್ನು ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಿ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ, ಬರೆಯುವ ನಡುವೆ ಕರೆಂಟು ಹೋದರೆ ಕಾರ್ಡ್ ಏಳದೇ ಹೋಗಬಹುದು. ವಾರಂಟಿ ಇನ್ನೂ ಇದ್ದರೆ ಈ ಕೆಲಸವನ್ನು ಸರ್ವಿಸ್ ಸೆಂಟರ್‌ಗೇ ಬಿಡಿ.

ಲಕ್ಷಣ: ಶುರುವಿನಲ್ಲಿ ಸರಿ, ಹತ್ತು ಹದಿನೈದು ನಿಮಿಷದ ಮೇಲೆ ನಿಧಾನ

ಬಿಸಿಯ ಅನುಮಾನ ಮೊದಲು. ಎಚ್‌ಡಬ್ಲ್ಯೂ-ಇನ್ಫೋ ತಂತ್ರಾಂಶದಲ್ಲಿ ಮೆಮೊರಿ ಜಂಕ್ಷನ್ ಟೆಂಪರೇಚರ್ ಎಂಬ ಸಾಲು ಹುಡುಕಿ. ಎಲ್ಲ ಕಾರ್ಡುಗಳಲ್ಲಿ ಇದು ಇರುವುದಿಲ್ಲ. ಆರ್‌ಟಿಎಕ್ಸ್ 3080, 3090ಯಂಥ ಜಿಡಿಡಿಆರ್6ಎಕ್ಸ್ ಕಾರ್ಡುಗಳಲ್ಲಿ ಇರುತ್ತದೆ. ಕೋರ್ 70 ಡಿಗ್ರಿಯಲ್ಲಿ ತಣ್ಣಗಿದ್ದರೂ ಮೆಮೊರಿ 110 ಡಿಗ್ರಿ ಮುಟ್ಟಿರಬಹುದು. ಅಲ್ಲಿಗೆ ಬಂದ ಮೇಲೆ ಕಾರ್ಡ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಇದ್ದರೆ ಆ ಮಿತಿ ಬಹಳ ಬೇಗ ಬರುತ್ತದೆ.

ಮೊದಲು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಅದೇ ಗೇಮ್ ಆಡಿ ನೋಡಿ. ಹತ್ತು ಡಿಗ್ರಿಯಷ್ಟು ಇಳಿದರೆ ತೊಂದರೆ ಕ್ಯಾಬಿನೆಟ್ಟಿನ ಗಾಳಿಯದು. ಆಮೇಲೆ ಬ್ಲೋವರ್‌ನಿಂದ ಧೂಳು ತೆಗೆಯಿರಿ, ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಿ. ಥರ್ಮಲ್ ಪ್ಯಾಡ್ ಬದಲಿಸುವುದು ಕೊನೆಯ ದಾರಿ. ಪ್ಯಾಡ್ ದಪ್ಪ ಕಾರ್ಡಿನಿಂದ ಕಾರ್ಡಿಗೆ ಬೇರೆ, ಒಂದೇ ಕಾರ್ಡಿನಲ್ಲೂ ಜಾಗದಿಂದ ಜಾಗಕ್ಕೆ ಬೇರೆ. ಅರ್ಧ ಮಿಲಿಮೀಟರ್ ದಪ್ಪವಾದರೆ ಹೀಟ್‌ಸಿಂಕ್ ಕೋರ್ ಮೇಲೆ ಸರಿಯಾಗಿ ಕೂರದೆ ಅದೇ ಕಾದುಹೋಗುತ್ತದೆ. ನಿಮ್ಮ ಮಾದರಿಯ ಅಳತೆ ಖಚಿತವಾಗಿ ಸಿಗದಿದ್ದರೆ ಬಿಚ್ಚಬೇಡಿ.

ಓವರ್‌ಕ್ಲಾಕ್ ಮಾಡಿದವರಿಗೆ, ಅಂದರೆ ಕ್ಲಾಕನ್ನು ಮೂಲ ವೇಗಕ್ಕಿಂತ ಏರಿಸಿಕೊಂಡವರಿಗೆ, ಇನ್ನೊಂದು ಮೋಸ ಕಾದಿದೆ. ಜಿಡಿಡಿಆರ್6ಎಕ್ಸ್ ಇರುವ ಕಾರ್ಡುಗಳು ಸಾಗಣೆಯಲ್ಲಿ ತಪ್ಪಾದ ದತ್ತಾಂಶವನ್ನು ಗುರುತಿಸಿ ಮತ್ತೆ ಕಳಿಸುತ್ತವೆ. ಹಾಗಾಗಿ ಮಿತಿ ಮೀರಿದರೂ ಪರದೆಯಲ್ಲಿ ಏನೂ ಕೆಟ್ಟಂತೆ ಕಾಣುವುದಿಲ್ಲ. ಕ್ಲಾಕ್ ಮೇಲೇರುತ್ತಿದ್ದರೂ ನಿಜವಾದ ವೇಗ ಕೆಳಗಿಳಿಯುತ್ತಿರುತ್ತದೆ. ಇದನ್ನು ಹಿಡಿಯಲು ಅಳೆಯಲೇಬೇಕು. ಮೆಮ್‌ಟೆಸ್ಟ್-ವಲ್ಕನ್ ಎಂಬ ಉಚಿತ ತಂತ್ರಾಂಶ ಮೆಮೊರಿಯಲ್ಲಿ ಬರೆದು ಓದಿ ತಪ್ಪು ಹುಡುಕುತ್ತಲೇ, ಸೆಕೆಂಡಿಗೆ ಎಷ್ಟು ಗಿಗಾಬೈಟ್ ಸಾಗಿತು ಎಂದೂ ಹೇಳುತ್ತದೆ. ಲೆಕ್ಕದ ಸಂಖ್ಯೆಗಿಂತ ಸ್ವಲ್ಪ ಕಡಿಮೆ ಬರುವುದು ಸಹಜ. ಕ್ಲಾಕನ್ನು 100ರಂತೆ ಏರಿಸುತ್ತಾ ಪ್ರತಿ ಸಲ ಅಳೆಯಿರಿ. ಯಾವ ಹಂತದಲ್ಲಿ ಅಳತೆ ಇಳಿಯಿತೋ ಅದಕ್ಕಿಂತ ಎರಡು ಹಂತ ಕೆಳಗೆ ಬಂದು ನಿಲ್ಲಿಸಿ.

ಲಕ್ಷಣ: ಪರದೆಯಲ್ಲಿ ಬಣ್ಣದ ಚೌಕ, ಗೆರೆ, ಚುಕ್ಕಿ

ಓವರ್‌ಕ್ಲಾಕ್ ಇದ್ದರೆ ತೆಗೆಯಿರಿ. ಕೇಬಲ್ ಬದಲಿಸಿ, ಬೇರೆ ಮಾನಿಟರ್ ಹಾಕಿ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ ನೋಡುವುದೂ ಒಳ್ಳೆಯ ಉಪಾಯ: ಅದರಲ್ಲೂ ಚೌಕಗಳಿದ್ದರೆ ಕೇಬಲ್ಲು, ಮಾನಿಟರ್‌ಗಳ ತಪ್ಪಲ್ಲ. ಬಳಿಕ ಮೆಮ್‌ಟೆಸ್ಟ್-ವಲ್ಕನ್‌ನ ಐದು ನಿಮಿಷದ ಪರೀಕ್ಷೆ ಅಥವಾ ಒಸಿಸಿಟಿ ತಂತ್ರಾಂಶದ ವಿರ‍್ಯಾಮ್ (ಗ್ರಾಫಿಕ್ಸ್ ಮೆಮೊರಿ) ಪರೀಕ್ಷೆ ನಡೆಸಿ. ಒಂದೇ ಒಂದು ತಪ್ಪು ಬಂದರೂ, ಆಫ್ಟರ್‌ಬರ್ನರ್‌ನಲ್ಲಿ ಮೆಮೊರಿ ಕ್ಲಾಕನ್ನು 500ರಷ್ಟು ಇಳಿಸಿ ಮತ್ತೆ ನಡೆಸಿ. ಆಗ ತಪ್ಪು ನಿಂತರೆ ಯಾವುದೋ ಚಿಪ್ ಪೂರ್ತಿ ವೇಗ ತಾಳಲಾರದ ಸ್ಥಿತಿಗೆ ಬಂದಿದೆ. ಹಾಗೇ ಇಳಿಸಿಟ್ಟು ಸ್ವಲ್ಪ ಕಾಲ ನಡೆಸಬಹುದು, ಆದರೆ ಮುಖ್ಯವಾದ ಕೆಲಸಕ್ಕೆ ನಂಬಬೇಡಿ. ಇಳಿಸಿದರೂ ತಪ್ಪು ಬರುತ್ತಿದ್ದರೆ ಮನೆಯಲ್ಲಿ ಮಾಡುವಂಥದ್ದು ಮುಗಿಯಿತು. ಕಾರ್ಡನ್ನು ಓವನ್ನಿನಲ್ಲಿಟ್ಟು ಕಾಯಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪ್ಲಾಸ್ಟಿಕ್ ಕರಗುತ್ತದೆ, ಕೆಟ್ಟ ಹೊಗೆ ಬರುತ್ತದೆ, ಅಡುಗೆಯ ಓವನ್ನೂ ಹಾಳು.

ಕಾರ್ಡ್ ಆನ್ ಆಗದಿದ್ದರೆ: ಚಿಪ್ಪಿನ ಮೇಲಿನ ಬರಹ

ವಾರಂಟಿ ಮುಗಿದ ಕಾರ್ಡಿನ ಹೀಟ್‌ಸಿಂಕ್ ಹೇಗೂ ಬಿಚ್ಚಿದ್ದರೆ ಕೋರ್ ಸುತ್ತ ಕೂತ ಕಪ್ಪು ಚಿಪ್ಪುಗಳನ್ನು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಪ್ಯಾಡಿನ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಿಂದ ಒರೆಸಿದರೆ ಬೂದುಬಣ್ಣದ ಅಕ್ಷರ ಏಳುತ್ತವೆ. ಸ್ಯಾಮ್‌ಸಂಗ್ ಆದರೆ ಉದ್ದ ಸಂಖ್ಯೆಯ ತುದಿಯಲ್ಲಿ ಎಚ್‌ಸಿ ಎಂದಿದ್ದು ಅದರ ನಂತರ ಎರಡಂಕಿ ಇರುತ್ತದೆ. ಜಿಡಿಡಿಆರ್5ರಲ್ಲಿ ಎಚ್‌ಸಿ25 ಎಂದರೆ 8 ಗಿಗಾಬಿಟ್, ಎಚ್‌ಸಿ28 ಎಂದರೆ 7. ಇಲ್ಲಿ ಅಂಕಿ ಹೇಳುವುದು ಸಮಯವನ್ನು, ಆದ್ದರಿಂದ ಕಡಿಮೆಯಿದ್ದಷ್ಟೂ ವೇಗ ಹೆಚ್ಚು. ಜಿಡಿಡಿಆರ್6ರಲ್ಲಿ ಎಚ್‌ಸಿ14 ಎಂದರೆ ನೇರವಾಗಿ 14 ಗಿಗಾಬಿಟ್, ಎಚ್‌ಸಿ16 ಎಂದರೆ 16. ಮೈಕ್ರಾನ್ ಚಿಪ್ಪಿನಲ್ಲಿ ಐದಕ್ಷರದ ಸಂಕೇತ ಮಾತ್ರ ಇರುತ್ತದೆ, ಅದನ್ನು ಮೈಕ್ರಾನ್ ತಾಣದ ಎಫ್‌ಬಿಜಿಎ ಪುಟದಲ್ಲಿ ಹಾಕಿದರೆ ಪೂರ್ತಿ ಸಂಖ್ಯೆ ಬರುತ್ತದೆ. ಜಿಡಿಡಿಆರ್ ಚಿಪ್ಪುಗಳನ್ನು ಎಣಿಸಿ 32ರಿಂದ ಗುಣಿಸಿದರೆ ಬಸ್ ವಿಡ್ತ್: ಆರಕ್ಕೆ 192, ಎಂಟಕ್ಕೆ 256. ಬೋರ್ಡಿನ ಎರಡೂ ಬದಿ ಚಿಪ್ಪಿದ್ದರೆ ಒಂದೇ ಬದಿಯವನ್ನು ಎಣಿಸಿ.

ಚಿಪ್ಪಿನ ಬರಹ ಅದರ ಗರಿಷ್ಠ ಸಾಮರ್ಥ್ಯ ಹೇಳುತ್ತದೆಯೇ ಹೊರತು ಬಯೋಸ್ ಅದನ್ನು ಎಷ್ಟರಲ್ಲಿ ಓಡಿಸುತ್ತದೆ ಎಂದಲ್ಲ. 16ರ ಚಿಪ್ ಹಾಕಿ 14ರಲ್ಲಿ ಓಡಿಸುವ ಕಾರ್ಡುಗಳಿವೆ.

ರಿಪೇರಿಗೆ ಕೊಡುವಾಗ "ಡಿಸ್‌ಪ್ಲೇ ಸರಿಯಿಲ್ಲ" ಎಂದಷ್ಟೇ ಹೇಳಬೇಡಿ. ಆರಂಭದಲ್ಲಿ ಬರೆದಿಟ್ಟ ಐದು ವಿವರ, ಕೆಲಸ ಕೊಟ್ಟಾಗ ಕಂಡ ಕ್ಲಾಕ್, ಮೆಮ್‌ಟೆಸ್ಟ್-ವಲ್ಕನ್ ತಪ್ಪು ತೋರಿಸಿದ ಪರದೆಯ ಚಿತ್ರ, ಉಳಿಸಿಟ್ಟ ಬಯೋಸ್ ಇರುವ ಪೆನ್‌ಡ್ರೈವ್ ಇಷ್ಟನ್ನೂ ಕೊಡಿ. ಬಿಜಿಎ ರೀವರ್ಕ್ ಯಂತ್ರ (ಬೋರ್ಡಿನಿಂದ ಚಿಪ್ ಬಿಡಿಸಿ ಮತ್ತೆ ಬೆಸೆಯುವ ಯಂತ್ರ) ಇದೆಯೇ, ಯಾವ ಚಿಪ್ ಕೆಟ್ಟಿದೆ ಎಂದು ಮೊದಲೇ ಪರೀಕ್ಷಿಸಿ ಹೇಳುತ್ತಾರೆಯೇ, ಬದಲಿ ಚಿಪ್ ಅದೇ ವೇಗದ್ದೇ ಎಂದು ಕೇಳಿ. ಏಳು ಗಿಗಾಬಿಟ್‌ನ ಚಿಪ್ಪನ್ನು ಎಂಟರ ಜಾಗದಲ್ಲಿ ಕೂರಿಸಿದರೆ ಆ ಚೌಕಗಳೇ ಮತ್ತೆ ಬರಬಹುದು.